ಕಡಲನ್ನು ಕಲಿಸುವವರ ಜೊತೆಯಲ್ಲಿ



ಅಮೆರಿಕದ ಪಶ್ಚಿಮ ತೀರದಲ್ಲಿ, ಸಾನ್ ಫ್ರಾನ್ಸಿಸ್ಕೊ ನಗರದಿಂದ ದಕ್ಷಿಣಕ್ಕೆ, ಪೆಸಿಫಿಕ್ ಮಹಾಸಾಗರವು ನೆಲದೊಳಕ್ಕೆ ಅರ್ಧಚಂದ್ರಾಕಾರವಾಗಿ ಬಾಗಿ ಬಂದಿರುವ ಕೊಲ್ಲಿಯೊಂದರ ದಡದ ಮೇಲೆ ಮಾಂಟೆರೇ ಎಂಬ ಊರು ಇದೆ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಈ ಊರು ಸಾರ್ಡೀನ್ ಮೀನಿಗೆ ಲೋಕಪ್ರಸಿದ್ಧವಾಗಿದ್ದಿತು. ನಮ್ಮ ಕರಾವಳಿಯ ಬೂತಾಯಿಗೆ ಬಂಧುವಾದ ಆ ಬೆಳ್ಳಿಮೈಯ ಮೀನನ್ನು ಕತ್ತಲೆಯ ರಾತ್ರಿಗಳಲ್ಲಿ ಬಲೆಬೀಸಿ ಹಿಡಿದು ತಂದು, ಕೊಯ್ದು ಬೇಯಿಸಿ, ತಗಡಿನ ಡಬ್ಬಿಗಳಲ್ಲಿ ತುಂಬಿ ದೇಶದೇಶಗಳಿಗೆ ಕಳುಹಿಸುತ್ತಿದ್ದ ಕಾರ್ಖಾನೆಗಳು ಕಡಲಂಚಿನ ಬೀದಿಯುದ್ದಕ್ಕೂ ಸಾಲುಗಟ್ಟಿ ನಿಂತಿದ್ದುವು. ಜಾನ್ ಸ್ಟೈನ್‌ಬೆಕ್ ಎಂಬ ಕಾದಂಬರಿಕಾರನು 1945ರಲ್ಲಿ ಪ್ರಕಟಿಸಿದ ‘ಕ್ಯಾನರಿ ರೋ’ ಎಂಬ ಕೃತಿಯ ಬೀದಿ ಇದೇ. ಆಮೇಲೆ ಕೆಲವೇ ವರ್ಷಗಳಲ್ಲಿ ಮೀನು ಕ್ಷೀಣಿಸಿತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲಿಕ್ಕಿದುವು. ಕ್ನೂಟ್ ಹೋವ್ಡೆನ್ ಎಂಬ ನಾರ್ವೆ ದೇಶದವನು 1916ರಲ್ಲಿ ಸ್ಥಾಪಿಸಿದ್ದ ಕಾರ್ಖಾನೆ ಎಲ್ಲಕ್ಕಿಂತ ಕಡೆಯದಾಗಿ 1973ರಲ್ಲಿ ನಿಂತುಹೋಯಿತು. ಅದೇ ನಿವೇಶನದಲ್ಲಿ, ಡೇವಿಡ್ ಪ್ಯಾಕರ್ಡ್ ಮತ್ತು ಲೂಸೀಲ್ ಪ್ಯಾಕರ್ಡ್ ದಂಪತಿಗಳು ಕೊಟ್ಟ ಐದೂವರೆ ಕೋಟಿ ಡಾಲರುಗಳ ದಾನದಿಂದ ಕಟ್ಟಿದ ಮಾಂಟೆರೇ ಕೊಲ್ಲಿಯ ಮತ್ಸ್ಯಾಲಯವು 1984ರ ಅಕ್ಟೋಬರ್ 20ರಂದು ಸಾರ್ವಜನಿಕರಿಗೆ ತೆರೆಯಿತು.

ಶಿಕ್ಷಣಶಾಸ್ತ್ರದ ವಿದ್ಯಾರ್ಥಿಯಾಗಿ ಕ್ಯಾಲಿಫೋರ್ನಿಯ ರಾಜ್ಯದಲ್ಲಿದ್ದ ಕಾಲದಲ್ಲಿ, ಈ ಮತ್ಸ್ಯಾಲಯಕ್ಕೆ ಬರುವ ಶಾಲಾಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರ ಬೆನ್ನಿಗಿದ್ದು ಅವರ ಕೆಲಸವನ್ನು ನೋಡುವ ಅವಕಾಶ ನನಗೆ ದೊರೆಯಿತು. ನನ್ನ ಕರ್ತವ್ಯವೆಂದರೆ ಮಾತನಾಡದೆ ಹಿಂದೆ ಹಿಂದೆ ನಡೆಯುವುದು, ಅವರು ಏನು ಹೇಳುತ್ತಾರೆಂಬುದನ್ನು ಮಾತ್ರವಲ್ಲದೆ ಏನನ್ನು ಹೇಳದೆ ಬಿಡುತ್ತಾರೆಂಬುದನ್ನೂ ಗಮನಿಸುವುದು, ಸಂಜೆ ಅವರೊಡನೆ ಕುಳಿತು ಕಂಡುದನ್ನು ಚರ್ಚಿಸುವುದು. ಉತ್ತರ ಕನ್ನಡದ ಕಡಲ ದಂಡೆಯಲ್ಲಿ ಬೆಳೆದ ನನಗೆ ಮೀನೆಂಬುದು ಹೊಸತಲ್ಲ. ಆದರೆ ನಾನು ಬಲ್ಲ ಮೀನು ದೋಣಿಯಿಂದ ಬುಟ್ಟಿಗೆ ಇಳಿದ ಮೀನು. ಬದುಕಿರುವಾಗ ಅದು ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ನನ್ನ ಶಾಲೆಯಲ್ಲಿ ಯಾರೂ ನನ್ನನ್ನು ಕೇಳಿದವರಲ್ಲ, ನಾನೂ ಯಾರನ್ನೂ ಕೇಳಿದವನಲ್ಲ.

ನನಗೆ ಮಾರ್ಗದರ್ಶಕರಾಗಿದ್ದವರು ಒಬ್ಬ ಹಿರಿಯ ಉಪಾಧ್ಯಾಯಿನಿ. ಮಕ್ಕಳ ಗುಂಪನ್ನು ಅವರು ಮೊದಲು ಕರೆದುಕೊಂಡು ಹೋಗುತ್ತಿದ್ದುದು ಮೀನಿನ ಬಳಿಗಲ್ಲ, ಹಳೆಯ ಕಾರ್ಖಾನೆಯ ಉಗಿಯ ಬಾಯ್ಲರುಗಳ ಬಳಿಗೆ. ಹೊಸ ಕಟ್ಟಡ ಕಟ್ಟುವಾಗ ಅವನ್ನು ಕಿತ್ತೆಸೆಯದೆ ಉಳಿಸಿಕೊಂಡಿದ್ದಾರೆ. ಕಬ್ಬಿಣದ ಆ ಬೃಹದಾಕಾರಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಇಲ್ಲಿ ಏನು ನಡೆಯುತ್ತಿದ್ದಿರಬಹುದು ಎಂದು ಅವರು ಕೇಳುವರು. ಊಹೆಗಳು ಹುಟ್ಟಿ, ಬಿದ್ದು, ಕಡೆಗೆ ಸಾರ್ಡೀನಿನ ಕಥೆ ಹೊರಬೀಳುವುದು. ಮೀನು ಯಾತಕ್ಕೆ ಇಲ್ಲವಾಯಿತು ಎಂದರೆ, ಮಿತಿಮೀರಿ ಹಿಡಿದರು ಎಂದು ಯಾವನಾದರೊಬ್ಬ ಹುಡುಗ ಕೂಡಲೆ ಹೇಳುವನು. ಅದು ಸತ್ಯ, ಆ ಉತ್ತರಕ್ಕೆ ಬೆನ್ನು ತಟ್ಟಿ ಮುಂದೆ ಸಾಗುವುದು ಯಾವ ಉಪಾಧ್ಯಾಯನಿಗೂ ಸುಲಭ. ಈಕೆ ಹಾಗೆ ಮಾಡುತ್ತಿರಲಿಲ್ಲ. ಇದೇ ರಾಜ್ಯದ ದಕ್ಷಿಣದಲ್ಲಿ ಸಾಂಟಾ ಬಾರ್ಬರಾ ಊರಿನ ಎದುರಿನ ಕಡಲತಳದಲ್ಲಿ ಕೆಸರು ಪದರಪದರವಾಗಿ ಕದಡದೆ ಕೂಡುತ್ತದೆಂದೂ, ಆ ಪದರಗಳಲ್ಲಿ ಉಳಿದ ಮೀನಿನ ಹುರುಪೆಗಳನ್ನು ಎಣಿಸಿದ ವಿಜ್ಞಾನಿಗಳಿಗೆ, ಬಲೆಯ ದೊಡ್ಡ ಉದ್ಯಮ ಹುಟ್ಟುವ ಎಷ್ಟೋ ಶತಮಾನಗಳ ಹಿಂದೆಯೂ ಸಾರ್ಡೀನ್ ಹೆಚ್ಚಿ ಕುಗ್ಗಿ ಹೆಚ್ಚಿ ಕುಗ್ಗುತ್ತಿದ್ದಿತೆಂಬುದು ತಿಳಿದುಬಂದಿತೆಂದೂ ಹೇಳುವರು. ಕಡಲು ತಾನೇ ಮೀನನ್ನು ಕಡಮೆ ಮಾಡುವ ಕಾಲದಲ್ಲಿ ಮನುಷ್ಯನೂ ಕೈತಡೆಯದೆ ಹಿಡಿದನು, ಎರಡೂ ಕೂಡಿದುವು. ಒಂದು ವರ್ಷ ದಂಡೆಯ ತುಂಬ ರಾಶಿಬಿದ್ದ ಬೂತಾಯಿ ಮತ್ತೊಂದು ವರ್ಷ ಮುಖವನ್ನೇ ತೋರಿಸದಿರುವುದನ್ನು ಕಂಡ ನಮ್ಮ ಕಡೆಯ ಮೊಗವೀರರಿಗೂ ಖಾರ್ವಿಗಳಿಗೂ ಈ ಮಾತು ವಿವರಣೆಯಿಲ್ಲದೆ ಅರ್ಥವಾಗುವಂಥದು. ಹತ್ತು ವರ್ಷದ ಮಗುವಿಗೆ ಒಂದು ಕಾರಣ ಸಾಕು, ಎರಡು ಕಾರಣ ಭಾರವಾಗುತ್ತದೆ ಎಂಬುದು ಪಾಠಪುಸ್ತಕ ಬರೆಯುವವರ ನಂಬಿಕೆ. ಮಕ್ಕಳು ಎರಡನ್ನೂ ನಿರಾಯಾಸವಾಗಿ ಹೊತ್ತುಕೊಂಡು ಹೋದುದನ್ನು ನಾನು ಕಣ್ಣಾರೆ ಕಂಡೆನು.

ಇನ್ನು ಮುಟ್ಟಿನೋಡುವ ಕೊಳದ ವಿಚಾರ. ಸೊಂಟದೆತ್ತರದ ಕಟ್ಟೆಯ ಮೇಲೆ ಬಂಡೆಗಳನ್ನು ಕೂಡಿಸಿ, ಕೊಲ್ಲಿಯ ತಣ್ಣೀರನ್ನು ಹರಿಯಬಿಟ್ಟು, ದಡದ ಬಂಡೆಗುಂಡಿಗಳಲ್ಲಿ ವಾಸಿಸುವ ಜೀವಿಗಳನ್ನು ಅಲ್ಲಿ ಇರಿಸಿದ್ದಾರೆ. ನಕ್ಷತ್ರಮೀನು, ಕಡಲಸೌತೆ, ಮೈಮೇಲೆ ಪಾಚಿಯ ಚೂರುಗಳನ್ನು ತಾನೇ ಕತ್ತರಿಸಿ ಸಿಕ್ಕಿಸಿಕೊಂಡು ವೇಷಮರೆಸಿಕೊಳ್ಳುವ ಏಡಿ, ಇವೆಲ್ಲ ಅಲ್ಲುಂಟು. ಮುಟ್ಟುವವರು ಕೈಯನ್ನು ಮೊದಲು ನೀರಿನಲ್ಲಿ ತೋಯಿಸಿಕೊಂಡು, ಎರಡೇ ಬೆರಳುಗಳಿಂದ, ಮೆಲ್ಲಗೆ, ಜೀವಿಯನ್ನು ನೀರಿನಿಂದ ಮೇಲಕ್ಕೆತ್ತದೆ ಮುಟ್ಟಬೇಕು, ನಿಯಮ ಇಷ್ಟೇ.

ಒಂದು ಬೆಳಗ್ಗೆ ಸುಮಾರು ಏಳು ವರ್ಷದ ಹುಡುಗಿಯೊಬ್ಬಳು ಅಲ್ಲಿ ಒಂದು ಬಂಡೆಯನ್ನು ಕಚ್ಚಿ ಕುಳಿತಿದ್ದ ಕಂದುಗೆಂಪು ಬಣ್ಣದ ಮುದ್ದೆಯನ್ನು ನೋಡುತ್ತ ನಿಂತಳು. ಗಂಬೂಟ್ ಕೈಟನ್ ಎಂದು ಅದನ್ನು ಕರೆಯುತ್ತಾರೆ; ಬಸವನಹುಳುವಿನ ದೂರದ ಸಂಬಂಧಿ; ಕೈಟನ್ ಜಾತಿಯಲ್ಲಿ ಇದಕ್ಕಿಂತ ದೊಡ್ಡದು ಲೋಕದಲ್ಲಿಲ್ಲ, ಒಂದಡಿಯಷ್ಟು ಉದ್ದ ಬೆಳೆಯಬಲ್ಲುದು. ನೋಡುವುದಕ್ಕೆ ಮಾತ್ರ, ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ಕಳಚಿಹೋಗಿ ಬಿದ್ದ ಚಪ್ಪಲಿಯ ಅಟ್ಟೆಯಂತೆಯೇ ಇರುತ್ತದೆ. ತಲೆ ಯಾವುದು, ಬಾಲ ಯಾವುದು ತಿಳಿಯದು. ಕಣ್ಣಿಲ್ಲ, ಕಾಲಿಲ್ಲ, ಚಲನೆಯಿಲ್ಲ. “ಇದು ಬದುಕಿದೆಯೆ?” ಎಂದಳು ಹುಡುಗಿ. ಬದುಕಿದೆ ಎಂಬ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಉಪಾಧ್ಯಾಯಿನಿ, “ನಿನಗೇನು ತೋರುತ್ತದೆ ಮಗು? ಬದುಕಿದ್ದರೆ ನಮಗೆ ಹೇಗೆ ಗೊತ್ತಾಗಬೇಕು?” ಎಂದು ಕೇಳಿ ಸುಮ್ಮನಾದರು. ಆ ಮೌನ ಬಹಳ ದೀರ್ಘವಾಯಿತೆಂದು ನನಗೆ ತೋರಿತು. ಹಿಂದೆ ನಿಂತಿದ್ದ ಮಕ್ಕಳು ಒಬ್ಬರನ್ನೊಬ್ಬರು ತಳ್ಳಲಾರಂಭಿಸಿದರು. ಆಕೆ ಮಾತ್ರ ಕದಲಲಿಲ್ಲ. ಹುಡುಗಿ ಎರಡು ಬೆರಳನ್ನು ನೀರಿಗಿಳಿಸಿ ಅದರ ಬೆನ್ನನ್ನು ಮುಟ್ಟಿದಳು. ಮೆತ್ತಗಿದೆ, ಆದರೆ ಒಳಗೆ ಗಟ್ಟಿಯಾದುದು ಏನೋ ಇದೆ ಎಂದಳು. ಅದು ನಿಜವೇ, ಇತರ ಕೈಟನ್ನುಗಳ ಬೆನ್ನಮೇಲೆ ಹೊರಗೇ ಕಾಣುವ ಎಂಟು ಚಿಪ್ಪಿನ ಫಲಕಗಳು ಇದರಲ್ಲಿ ತೊಗಲಿನೊಳಗೆ ಅಡಗಿವೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ಇದು ಬಂಡೆಯನ್ನು ಹಿಡಿದುಕೊಂಡಿದೆ, ಸತ್ತದ್ದು ಹಿಡಿದುಕೊಳ್ಳಲಾರದು ಎಂದು ಅವಳೇ ನಿರ್ಧರಿಸಿದಳು.

ಆಗ ಉಪಾಧ್ಯಾಯಿನಿಯು ಮಾತನಾಡಿದರು. ಆ ಪ್ರಾಣಿ ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದೆಂದೂ, ಕೆರೆಯುವ ಹಲ್ಲುಗಳಿಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಲೇಪವಿದೆಯೆಂದೂ, ಅಯಸ್ಕಾಂತಕ್ಕೆ ಅಂಟುವ ಆ ಖನಿಜವನ್ನು ಪ್ರಾಣಿಯು ತನ್ನ ದೇಹದಲ್ಲೇ ತಯಾರಿಸಿಕೊಳ್ಳುವುದೆಂದೂ ಹೇಳಿದಾಗ, ಹುಡುಗಿಯ ಮುಖದ ಮೇಲೆ ಕಂಡದ್ದನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ಅದೇ ಸಂಗತಿಯನ್ನು ಮೊದಲೇ ಹೇಳಿದ್ದಿದ್ದರೆ ಅದು ಕಿವಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಮಾತು ಜೀವಿಯ ಹಿಂದೆ ಹೋಗಬೇಕು, ಮುಂದೆ ಹೋಗಬಾರದು: ಆ ಸಂಜೆ ನನ್ನ ಟಿಪ್ಪಣಿಯ ಪುಸ್ತಕದಲ್ಲಿ ನಾನು ಬರೆದುಕೊಂಡ ವಾಕ್ಯ ಇದು. ಅಲ್ಲಿ ಕಳೆದ ಉಳಿದ ದಿನಗಳೆಲ್ಲ ಈ ಒಂದೇ ವಾಕ್ಯಕ್ಕೆ ಭಾಷ್ಯವೆಂದು ಈಗ ನನಗೆ ಅನ್ನಿಸುತ್ತದೆ.

ಲೋಳೆಮೀನುಗಳ ಕತ್ತಲೆಯ ಕೋಣೆಗಳು ಪ್ರೇಕ್ಷಕರಿಗೆ ಅತ್ಯಂತ ಪ್ರಿಯವಾದುವು. ಅಲ್ಲಿ ಉಪಾಧ್ಯಾಯರಿಗೆ ಕೆಲಸ ಕಡಮೆ, ಜನ ತಾವಾಗಿಯೇ ಮಂತ್ರಮುಗ್ಧರಾಗಿ ನಿಲ್ಲುತ್ತಾರೆ. ಕಡಲಪಾಚಿಯ ಅರಣ್ಯದ ವಿಚಾರ ಹಾಗಲ್ಲ. ದೈತ್ಯ ಕೆಲ್ಪ್ ಎಂಬ ಕಂದುಪಾಚಿ ಈ ತೀರದಲ್ಲಿ ಕಡಲತಳದ ಬಂಡೆಯನ್ನು ಹಿಡಿದು, ಎಲೆಗಳ ಬುಡದಲ್ಲಿರುವ ಗಾಳಿಬುರುಡೆಗಳ ಬಲದಿಂದ ನೇರವಾಗಿ ನೀರಿನ ಮೇಲ್ಮೈಯವರೆಗೆ ಏರುತ್ತದೆ. ಅನುಕೂಲವಾದ ಕಡೆ ದಿನಕ್ಕೆ ಎರಡಡಿಯವರೆಗೂ ಬೆಳೆಯಬಲ್ಲುದು. ಈ ಅರಣ್ಯವನ್ನು 28 ಅಡಿ ಎತ್ತರದ, ಹನ್ನೆರಡು ಲಕ್ಷ ಲೀಟರಿಗೂ ಮಿಗಿಲಾದ ನೀರು ಹಿಡಿಯುವ ತೊಟ್ಟಿಯೊಂದರಲ್ಲಿ ಬೆಳೆಸಿದ್ದಾರೆ. ಬಿಸಿಲು ಬೇಕೆಂದು ತೊಟ್ಟಿಯ ಮೇಲ್ಭಾಗವನ್ನು ಆಕಾಶಕ್ಕೆ ತೆರೆದುಬಿಟ್ಟಿದ್ದಾರೆ. ಅಲೆ ಬೇಕೆಂದು ನೀರನ್ನು ಹಿಂದುಮುಂದಾಗಿ ತೂಗುವ ಯಂತ್ರವನ್ನು ಇಟ್ಟಿದ್ದಾರೆ, ಏಕೆಂದರೆ ನಿಂತ ನೀರಿನಲ್ಲಿ ಕೆಲ್ಪ್ ಬದುಕದು. ಹಗಲಿನಲ್ಲಿ ನೋಡುವವರಿಗೆ ತಿಳಿಯಾಗಿರಲೆಂದು ಶೋಧಿಸಿದ ನೀರನ್ನು ಹರಿಸುತ್ತಾರೆ. ರಾತ್ರಿ ಜನರೆಲ್ಲ ಹೋದ ಮೇಲೆ ಕೊಲ್ಲಿಯ ನೀರನ್ನು ಶೋಧಿಸದೆ ಹಾಗೆಯೇ ಬಿಡುತ್ತಾರೆ. ಅದರೊಡನೆ ಕಣ್ಣಿಗೆ ಕಾಣದ ಮರಿಗಳೂ ಬೀಜಾಣುಗಳೂ ಒಳಸೇರಿ, ಯಾರೂ ತಂದಿಡದ ಜೀವಿಗಳು ಗೋಡೆಯ ಮೇಲೂ ಬಂಡೆಯ ಮೇಲೂ ತಾವಾಗಿ ನೆಲೆಗೊಳ್ಳುತ್ತವೆ.

ಈ ತೊಟ್ಟಿಯೊಳಕ್ಕೆ ಮುಳುಗುಗಾರರು ಇಳಿದು ಮೀನುಗಳಿಗೆ ಆಹಾರ ಕೊಡುವ ಹೊತ್ತು ಮತ್ಸ್ಯಾಲಯದ ದೊಡ್ಡ ಹಬ್ಬ. ಮುಖವಾಡದಲ್ಲಿ ಧ್ವನಿವಾಹಕವಿರುವುದರಿಂದ ಮುಳುಗುಗಾರನು ನೀರಿನೊಳಗಿಂದಲೇ ಮಾತನಾಡಬಲ್ಲನು. ಹೊರಗೆ ನಿಂತ ಉಪಾಧ್ಯಾಯರು ಮಕ್ಕಳ ಪ್ರಶ್ನೆಗಳನ್ನು ಅವನಿಗೆ ಒಪ್ಪಿಸುವರು. ಆದರೆ ಆಹಾರದ ಹೊತ್ತಿಗಿಂತ ಹೆಚ್ಚಾಗಿ, ಅದು ಮುಗಿದು ಜನ ಚದರಿದ ಮೇಲೆ ನಡೆದ ಪಾಠ ನನಗೆ ಮುಖ್ಯವಾಯಿತು. ಉಳಿದ ಕೆಲವರು ಮಕ್ಕಳಿಗೆ ಉಪಾಧ್ಯಾಯಿನಿ, ಒಂದೇ ಒಂದು ಮೀನನ್ನು ಆರಿಸಿಕೊಂಡು ಅದು ಎಲ್ಲಿಗೆ ಹೋದರೂ ಕಣ್ಣು ತೆಗೆಯದೆ ನೋಡುತ್ತಿರಿ ಎಂದರು. ಒಬ್ಬ ಹುಡುಗನ ಮೀನು ಒಂದು ಎಲೆಯ ಮರೆಯನ್ನು ಬಿಟ್ಟು ಹೊರಗೆ ಬರಲೇ ಇಲ್ಲ. ಅವನಿಗೆ ಬೇಸರವಾದಂತೆ ಕಂಡಿತು; ಆದರೆ ಕಡೆಗೆ, ಎಲೆ ಅಲೆಗೆ ಯಾವ ಕಡೆಗೆ ತೂಗಿದರೆ ಮೀನೂ ಅದೇ ಕಡೆಗೆ ಅಷ್ಟೇ ತೂಗುತ್ತದೆಂಬುದನ್ನು ಕಂಡುಹಿಡಿದು ಹೇಳಿದವನು ಅವನೇ.

ಕೆಲ್ಪಿನ ಅರಣ್ಯಕ್ಕೂ ಕಡಲ ನೀರುನಾಯಿಗೂ ಇರುವ ಸಂಬಂಧವನ್ನು ಇಲ್ಲಿ ವಿವರಿಸುವುದು ಯುಕ್ತ. ಸೀ ಅರ್ಚಿನ್ ಎಂಬ ಮೈತುಂಬ ಮುಳ್ಳುಳ್ಳ ಜೀವಿ ಕೆಲ್ಪನ್ನು ತಿನ್ನುತ್ತದೆ. ನೀರುನಾಯಿ ಆ ಅರ್ಚಿನ್ನುಗಳನ್ನು ತಿನ್ನುತ್ತದೆ. ನೀರುನಾಯಿ ಇಲ್ಲದ ಕಡೆ ಅರಣ್ಯವೇ ನಿರ್ಮೂಲವಾಗುವುದುಂಟು. ತಿಮಿಂಗಿಲಕ್ಕೂ ಕಡಲಸಿಂಹಕ್ಕೂ ಇರುವ ಕೊಬ್ಬಿನ ಪದರ ನೀರುನಾಯಿಗಿಲ್ಲ. ತಣ್ಣೀರಿನಲ್ಲಿ ಅದನ್ನು ಕಾಪಾಡುವುದು ಅದರ ರೋಮ. ಮೈಯ ದಟ್ಟವಾದ ಭಾಗಗಳಲ್ಲಿ ಒಂದು ಚದರ ಅಂಗುಲದಲ್ಲಿ ಹತ್ತು ಲಕ್ಷದವರೆಗೆ ಕೂದಲಿರುತ್ತದೆ. ನಮ್ಮ ಇಡೀ ತಲೆಯಲ್ಲಿರುವುದು ಒಂದು ಲಕ್ಷದಷ್ಟು. ಮೈಯ ಬಿಸಿಯನ್ನು ಉಳಿಸಿಕೊಳ್ಳಲು ಅದು ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ಆಹಾರವನ್ನು ತಿನ್ನಬೇಕು. ಆ ರೋಮವೇ ಅದರ ಮೃತ್ಯುವಾಯಿತು. ತುಪ್ಪಳದ ವ್ಯಾಪಾರಕ್ಕಾಗಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಉತ್ತರ ಪೆಸಿಫಿಕ್ಕಿನ ಉದ್ದಗಲಕ್ಕೂ ಅವನ್ನು ಕೊಂದರು. 1911ರ ಅಂತರರಾಷ್ಟ್ರೀಯ ಒಪ್ಪಂದ ಬೇಟೆಯನ್ನು ನಿಷೇಧಿಸುವ ವೇಳೆಗೆ ಕ್ಯಾಲಿಫೋರ್ನಿಯದಲ್ಲಿ ಅದು ಅಳಿದೇ ಹೋಯಿತೆಂದು ಬಹುಮಂದಿ ಭಾವಿಸಿದ್ದರು.

ಮತ್ಸ್ಯಾಲಯದಲ್ಲಿರುವ ನೀರುನಾಯಿಗಳು ತಾಯಿಯನ್ನು ಕಳೆದುಕೊಂಡು ದಡಕ್ಕೆ ಬಂದು ಬಿದ್ದುವು, ಮತ್ತೆ ಕಡಲಿನಲ್ಲಿ ಬದುಕಲಾರವೆಂದು ನಿರ್ಣಯವಾದುವು. ಅವುಗಳಲ್ಲಿ ಹೆಣ್ಣುಗಳು ಹೊಸದಾಗಿ ಸಿಕ್ಕುವ ತಬ್ಬಲಿ ಮರಿಗಳಿಗೆ ಸಾಕುತಾಯಿಯರಾಗುತ್ತವೆ. ಚಿಪ್ಪನ್ನು ಕಲ್ಲಿನಿಂದ ಒಡೆಯುವುದನ್ನೂ ರೋಮವನ್ನು ಶುಚಿಮಾಡಿಕೊಳ್ಳುವುದನ್ನೂ ಮರಿಗೆ ಕಲಿಸುತ್ತವೆ. ಆ ಮರಿಗಳಿಗೆ ಹಾಲುಣಿಸುವ ಸಿಬ್ಬಂದಿಯವರು ಮರಿಗೆ ಮನುಷ್ಯನ ಪರಿಚಯವಾಗದಿರಲೆಂದು ಕಪ್ಪು ನಿಲುವಂಗಿಯನ್ನೂ, ಬೆಸುಗೆಯ ಕೆಲಸದವರು ಧರಿಸುವ ಮುಖವಾಡವನ್ನೂ ತೊಟ್ಟುಕೊಳ್ಳುತ್ತಾರೆ. ಹೀಗೆ ಬೆಳೆದು ಹತ್ತಿರದ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಯಲ್ಲಿ ಬಿಡುಗಡೆ ಹೊಂದಿದ ನೀರುನಾಯಿಗಳೂ ಅವುಗಳ ಸಂತಾನವೂ, ಅಲ್ಲಿ ಹದಿನೈದು ವರ್ಷಗಳಲ್ಲಿ ಆದ ಸಂಖ್ಯಾವೃದ್ಧಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಕಾರಣವಾದುವೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪ್ರೀತಿಸುವ ಮರಿಯ ಎದುರಿಗೆ ತನ್ನ ಮುಖವನ್ನೇ ಮರೆಮಾಡಿಕೊಳ್ಳುವ ಆ ಸೇವೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕಿಬರುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಕೇಳುವ ಧೈರ್ಯ ಮಕ್ಕಳಿಗಿರುವಷ್ಟು ದೊಡ್ಡವರಿಗಿಲ್ಲ. ತೆರೆಗಡಲಿನ ಮೀನುಗಳನ್ನಿಟ್ಟಿರುವ ಮಹಾತೊಟ್ಟಿಯ ಮುಂದೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು, “ಇವುಗಳನ್ನು ಇಲ್ಲಿ ಇಡುವುದು ನ್ಯಾಯವೆ?” ಎಂದು ನೇರವಾಗಿ ಕೇಳಿದಳು. ಅವಳ ಶಾಲೆಯ ಅಧ್ಯಾಪಕರು ಸಂಕೋಚದಿಂದ ಅವಳನ್ನು ಸುಮ್ಮನಾಗಿಸಹೊರಟರು. ನನ್ನ ಉಪಾಧ್ಯಾಯಿನಿ ಅವರನ್ನು ತಡೆದು, ಆ ಪ್ರಶ್ನೆಗಾಗಿ ಹುಡುಗಿಗೆ ವಂದನೆ ಹೇಳಿ, ಬಿಳಿ ಶಾರ್ಕಿನ ವೃತ್ತಾಂತವನ್ನು ಹೇಳಿದರು. 2004ರಲ್ಲಿ ಒಂದು ಮರಿ ಬಿಳಿ ಶಾರ್ಕನ್ನು ಅದೇ ತೊಟ್ಟಿಯಲ್ಲಿ 198 ದಿನ ಇಟ್ಟುಕೊಂಡು, ಅದು ಬೆಳೆದು ಜೊತೆಯ ಶಾರ್ಕುಗಳ ಮೇಲೆ ಬಿದ್ದಮೇಲೆ ಕಡಲಿಗೆ ಬಿಟ್ಟರು. ಅದಕ್ಕೆ ಮುಂಚೆ ಲೋಕದ ಯಾವ ಮತ್ಸ್ಯಾಲಯದಲ್ಲಿಯೂ ಆ ಜಾತಿ ಹದಿನಾರು ದಿನಗಳಿಗಿಂತ ಹೆಚ್ಚು ಬದುಕಿರಲಿಲ್ಲ. ಲಕ್ಷಾಂತರ ಜನ ಅದನ್ನು ನೋಡಿ, ಕೇವಲ ಭಯದಿಂದ ಕಾಣುತ್ತಿದ್ದ ಪ್ರಾಣಿಯನ್ನು ಬೇರೊಂದು ದೃಷ್ಟಿಯಿಂದ ಕಂಡರು. ಮುಂದೆ ಇನ್ನೂ ಐದನ್ನು ತಂದಿಟ್ಟು ಬಿಟ್ಟರು. 2011ರಲ್ಲಿ ಕಡೆಯದು, ಬಿಟ್ಟ ಸ್ವಲ್ಪ ಕಾಲದಲ್ಲೇ ಸತ್ತುಹೋಯಿತು. ಆಮೇಲೆ ತರಲಿಲ್ಲ. ಇದೆಲ್ಲವನ್ನೂ, ಆ ಸಾವನ್ನೂ ಸೇರಿಸಿ, ತಗ್ಗಿಸದೆ ಹೇಳಿ, “ಈಗ ನೀನು ಹೇಳು, ಯಾವುದು ಸರಿ, ಯಾವುದು ಸರಿಯಲ್ಲ?” ಎಂದು ಅವಳನ್ನೇ ಕೇಳಿದರು. ನೀರುನಾಯಿಯನ್ನು ಇಡುವುದು ಸರಿ, ಶಾರ್ಕನ್ನು ಇಡುವುದು ಸರಿಯಲ್ಲ, ಸಾರ್ಡೀನಿನ ವಿಚಾರ ತನಗೆ ತಿಳಿಯದು ಎಂದಳು ಹುಡುಗಿ. ನನ್ನ ಅಭಿಪ್ರಾಯವೂ ಹೆಚ್ಚುಕಡಮೆ ಅದೇ. ಅವಳಿಗಿಂತ ಹೆಚ್ಚು ಸ್ಪಷ್ಟವಾಗಿ ಈ ಹೊತ್ತಿಗೂ ನಾನು ಹೇಳಲಾರೆ.

ಹಾನಿಯ ಸುದ್ದಿಯನ್ನು ಎಳೆಯರಿಗೆ ಹೇಗೆ ಹೇಳಬೇಕೆಂಬುದು ಆ ಉಪಾಧ್ಯಾಯರೆಲ್ಲರ ನಿತ್ಯಚಿಂತೆ. ಸೂರ್ಯಕಾಂತಿ ನಕ್ಷತ್ರಮೀನೆಂಬುದೊಂದುಂಟು, 24 ತೋಳುಗಳವರೆಗೆ ಇರುವ, ಒಂದು ಮೀಟರಿನಷ್ಟು ಅಗಲಕ್ಕೆ ಬೆಳೆಯುವ ಜೀವಿ, ಅದೂ ಅರ್ಚಿನ್ನುಗಳ ಭಕ್ಷಕ. 2013ರಿಂದ ಹರಡಿದ ರೋಗವೊಂದರಿಂದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದುವು. ಉತ್ತರ ಕ್ಯಾಲಿಫೋರ್ನಿಯದಲ್ಲಿ ಅರ್ಚಿನ್ನುಗಳು ಹೆಚ್ಚಿ ಕೆಲ್ಪಿನ ಅರಣ್ಯ ಬೋಳಾಯಿತು. ಕಡಲು ಬಿಸಿಯಾದುದೂ ಅದಕ್ಕೆ ಒಂದು ಕಾರಣ. ಆ ರೋಗವನ್ನು ತರುವುದು ಒಂದು ಬ್ಯಾಕ್ಟೀರಿಯವೆಂದು ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದರು. ಇದನ್ನು ಹೇಳುವಾಗ ಉಪಾಧ್ಯಾಯಿನಿಯು ಯಾವ ಮಗುವಿನ ಹೆಗಲ ಮೇಲೂ ಲೋಕವನ್ನು ಉಳಿಸುವ ಭಾರವನ್ನು ಹೊರಿಸುತ್ತಿರಲಿಲ್ಲ. ಏನಾಯಿತು, ಯಾರು ಕಂಡರು, ಕಾರಣವನ್ನು ಯಾರು ಹುಡುಕಿದರು, ಎಷ್ಟು ಕಾಲ ಹಿಡಿಯಿತು, ಇಷ್ಟನ್ನೇ ಹೇಳುವರು. ಹುಡುಕುವವರು ಇದ್ದಾರೆಂಬುದು ತಿಳಿದ ಮಗು ದುಃಖದಲ್ಲಿ ಮುಳುಗುವುದಿಲ್ಲ, ತಾನೂ ಹುಡುಕಬಹುದೆಂದುಕೊಳ್ಳುತ್ತದೆ ಎಂದು ಅವರು ನನಗೆ ಹೇಳಿದುದುಂಟು.

ಭೇಟಿಯ ಕಡೆಯಲ್ಲಿ ಮಕ್ಕಳನ್ನು ಕಟ್ಟಡದ ಹಿಂಬದಿಯ ಜಗಲಿಗೆ ಕರೆತರುವುದು ಪದ್ಧತಿ. ಅಲ್ಲಿ ಗಾಜಿಲ್ಲ; ಎದುರಿಗೆ ಕೊಲ್ಲಿಯೇ ಇದೆ; ಮೇಲ್ಮೈಯಲ್ಲಿ ಕೆಲ್ಪಿನ ಕಂದು ಹರಹು ಕಾಣುತ್ತದೆ, ಒಮ್ಮೊಮ್ಮೆ ಅದರ ಬಳ್ಳಿಯನ್ನು ಮೈಗೆ ಸುತ್ತಿಕೊಂಡು ಅಂಗಾತ ಮಲಗಿದ ಕಾಡು ನೀರುನಾಯಿಯೂ ಕಾಣುತ್ತದೆ. ದಕ್ಷಿಣದ ಬಿಗ್ ಸರ್ ಪ್ರದೇಶದಲ್ಲಿ, ಬಿಕ್ಸ್‌ಬಿ ಹೊಳೆಯ ಬಾಯಿಯ ಹತ್ತಿರ, 1938ರಲ್ಲಿ ಸುಮಾರು ಐವತ್ತು ನೀರುನಾಯಿಗಳು ಜನರ ಕಣ್ಣಿಗೆ ಬಿದ್ದುವೆಂದೂ, ಇಂದು ಈ ತೀರದಲ್ಲಿರುವ ಸುಮಾರು ಮೂರು ಸಾವಿರವೂ ಆ ಅಳಿದುಳಿದ ಹಿಂಡಿನ ವಂಶವೆಂದೂ ಉಪಾಧ್ಯಾಯಿನಿ ಹೇಳಿದರು. ದೂರದರ್ಶಕವನ್ನು ಹಿಡಿದಿದ್ದ ಹುಡುಗನೊಬ್ಬನು ಅದನ್ನು ಕೆಳಗಿಳಿಸಿ, “ಹಾಗಾದರೆ ಅದಕ್ಕೆ ಮುಂಚೆ ಅವು ಎಲ್ಲಿದ್ದುವು? ಯಾರೂ ನೋಡಿರಲೇ ಇಲ್ಲವೆ?” ಎಂದನು. ನೋಡಿದ್ದವರು ಇದ್ದರು ಎಂದರು ಆಕೆ. ಆ ಕಡಿದಾದ ತೀರದಲ್ಲಿ ಮನೆಮಾಡಿಕೊಂಡಿದ್ದ ಕೆಲವರಿಗೂ, ಸರಕಾರದ ಕಾವಲುಗಾರರಲ್ಲಿ ಕೆಲವರಿಗೂ ಅವು ಇರುವುದು ಮೊದಲಿನಿಂದ ಗೊತ್ತಿತ್ತು; ತುಪ್ಪಳಕ್ಕೆ ಇದ್ದ ಬೆಲೆಯೂ ಗೊತ್ತಿತ್ತು; ಆದಕಾರಣ ಅವರು ಬಾಯಿ ಬಿಡಲಿಲ್ಲ. 1937ರಲ್ಲಿ ಆ ತೀರದ ಹೆದ್ದಾರಿ ತೆರೆದು ಜನಸಂಚಾರ ಹೆಚ್ಚಿದ ಮೇಲೆ ಗುಟ್ಟು ಹೊರಬಿದ್ದಿತು. ಅವರ ಹೆಸರುಗಳೇನು ಎಂದು ಹುಡುಗ ಕೇಳಿದನು. ಅದು ತನಗೆ ತಿಳಿಯದೆಂದು ಹೇಳಿ ಉಪಾಧ್ಯಾಯಿನಿಯು ಜೇಬಿನಿಂದ ಪುಸ್ತಕವನ್ನು ತೆಗೆದು, ಅವನ ಪ್ರಶ್ನೆಯನ್ನೂ ಅವನ ಶಾಲೆಯ ವಿಳಾಸವನ್ನೂ ಬರೆದುಕೊಂಡರು.